ತೂಕ ಬಡಿಯುವ ಮೊದಲು ಡಿಸ್ಕ್ ನೋಡುವವರು: ಶಿರಾ ಗೇಟ್ ಆಚೆಯ ವೀಲ್ ಬ್ಯಾಲೆನ್ಸಿಂಗ್ ಅಂಗಡಿ

ಹಳೆಯ ಅಂಬಾಸಿಡರನ್ನೋ ಪದ್ಮಿನಿಯನ್ನೋ ಇಟ್ಟುಕೊಂಡು, ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಕದಿಂದ ಬೇಸತ್ತವರು ತುಮಕೂರಿನ ಈ ಅಂಗಡಿಗೆ ಒಮ್ಮೆ ಹೋಗಿಬರಬೇಕು. ಶಿರಾ ಗೇಟ್ ದಾಟಿ ಅಂತರಸನಹಳ್ಳಿ ಕಡೆಗೆ ಹೋಗುವಾಗ ಎಡಗಡೆ, ಲಾರಿ ಟೈರುಗಳ ರಾಶಿಯ ಹಿಂದೆ ಒಂದು ತಗಡಿನ ಶೆಡ್ಡು. ರಸ್ತೆಯಿಂದ ನೋಡಿದರೆ ಪಂಕ್ಚರ್ ಅಂಗಡಿ ಎಂದೇ ತಿಳಿಯುತ್ತೀರಿ. ಒಳಗೆ ಕಂಪ್ಯೂಟರ್ ಬ್ಯಾಲೆನ್ಸಿಂಗ್ ಯಂತ್ರ, ಟೈರ್ ಕಳಚುವ ಯಂತ್ರ, ಎರಡು ಕಂಬದ ಲಿಫ್ಟ್ ಇವೆ. ಇವೆಲ್ಲ ಬೇರೆ ಕಡೆಯೂ ಇರುತ್ತವೆ. ಬೇರೆ ಕಡೆ ನಾನು ಕಾಣದಿದ್ದದ್ದು ಇಲ್ಲಿ ಗೋಡೆಯ ಮೊಳೆಗೆ ತೂಗುತ್ತಿದ್ದ ಡಯಲ್ ಗೇಜ್. ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವ ಉಪಕರಣವನ್ನು ಒರೆಸಿ, ಬಟ್ಟೆ ಸುತ್ತಿ ತೂಗುಹಾಕಿದ್ದ ಅಂಗಡಿಯಲ್ಲಿ ಗಾಡಿ ಬಿಟ್ಟುಹೋಗಲು ನನಗೆ ಹಿಂಜರಿಕೆಯಾಗಲಿಲ್ಲ.

ನಮ್ಮದು ಅಪ್ಪ 1986ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 4. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್, 5.90-15 ಅಳತೆಯ ಟ್ಯೂಬ್ ಹಾಕಿದ ನೈಲಾನ್ ಟೈರು. ಅಂಬಾಸಿಡರ್ ಎಂದರೆ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ. ಅದನ್ನು ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ಕಟ್ಟಿದರು. ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್, ಸ್ಟೇರಿಂಗ್ ಮಾತ್ರ ರ‍್ಯಾಕ್ ಮತ್ತು ಪಿನಿಯನ್. ಆ ಕಾಲದ ಹಲವು ಕಾರುಗಳಿಗಿಂತ ಇದರ ಸ್ಟೇರಿಂಗ್ ನೇರ. ಆದ್ದರಿಂದಲೇ ಮುಂಚಕ್ರದಲ್ಲಿ ಏನೇ ದೋಷವಿದ್ದರೂ ಅದು ಎಲ್ಲಿಯೂ ಸೋರಿಹೋಗದೆ ಅಂಗೈಗೆ ಬಂದು ತಲುಪುತ್ತದೆ.

ದೋಷ ಹೀಗಿತ್ತು. ಗಂಟೆಗೆ 65 ಕಿ.ಮೀ. ವೇಗದವರೆಗೆ ಗಾಡಿ ಹೂವಿನ ಹಾಗೆ ಹೋಗುತ್ತಿತ್ತು. 70 ದಾಟಿದರೆ ಸ್ಟೇರಿಂಗ್ ಎಡಬಲಕ್ಕೆ ಅಲುಗಲು ತೊಡಗಿ, 80-85ರಲ್ಲಿ ಕನ್ನಡಿಯೊಳಗಿನ ರಸ್ತೆಯೇ ಮಸುಕಾಗುತ್ತಿತ್ತು. 95ರ ಹತ್ತಿರ ತುಸು ತಗ್ಗುತ್ತಿತ್ತು. ಇದರ ಜೊತೆಗೆ ಕಾಲಡಿಯ ತಗಡಿನಲ್ಲಿ ಬೇರೆಯದೇ ಒಂದು ಗುಂಯ್‌ಗುಡುವ ಸದ್ದು. ಕ್ಯಾತ್ಸಂದ್ರದಿಂದ ದಾಬಸ್‌ಪೇಟೆಯವರೆಗಿನ ರಸ್ತೆ ಅಷ್ಟು ಸಪಾಟಾಗಿರುವಾಗ ರಸ್ತೆಯನ್ನು ದೂರುವಂತಿರಲಿಲ್ಲ. ಬಾಡಿ ಕೆಲಸ, ಬಣ್ಣ ಎಲ್ಲ ಮುಗಿಸಿ ಗಾಡಿ ಮನೆಗೆ ಬಂದ ಮೇಲೆ ಹುಟ್ಟಿಕೊಂಡ ತೊಂದರೆ ಇದು. ಬ್ಯಾಲೆನ್ಸಿಂಗ್ ಮಾಡುವ ಕಡೆಗೆಲ್ಲ ಒಯ್ದೆ. ಹೋದಲ್ಲೆಲ್ಲ ಚಕ್ರದಲ್ಲಿ ಅಸಮತೋಲವಿಲ್ಲ ಎಂದು ಯಂತ್ರದ ಪರದೆ ಕೊನೆಗೆ ಸೊನ್ನೆ ತೋರಿಸಿತು. ಹೆದ್ದಾರಿಗೆ ಬಂದರೆ ನಡುಕ ಇದ್ದಲ್ಲೇ ಇತ್ತು. ಪ್ರತಿ ಸಲವೂ ಸಮತೋಲಕ್ಕೆಂದು ಬಡಿಯುವ ಸೀಸದ ತೂಕ ರಿಮ್ಮಿನ ಅಂಚಿಗೆ ಇನ್ನಷ್ಟು ಸೇರಿತು. ಕೊನೆಗೊಂದು ಕಡೆ, "ಹಳೆಯ ಗಾಡಿ ಅಲ್ಲವೇ ಮೇಡಂ, ಇಷ್ಟು ಇದ್ದೇ ಇರುತ್ತದೆ" ಎಂದುಬಿಟ್ಟರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಗಾಡಿಯಲ್ಲಿ ಅಪ್ಪ 80ರ ವೇಗದಲ್ಲಿ ಎರಡು ಬೆರಳಿನಲ್ಲಿ ಸ್ಟೇರಿಂಗ್ ಹಿಡಿದು ಅರಸೀಕೆರೆಗೆ ಹೋಗಿಬರುತ್ತಿದ್ದರು. ಉಕ್ಕಿಗೆ ವಯಸ್ಸಾಗಿದೆ ಎಂಬ ಕಾರಣಕ್ಕೆ ಚಕ್ರ ನಡುಗುವುದಿಲ್ಲ. ನಡುಗಿದರೆ ಅದಕ್ಕೆ ಕಾರಣವೊಂದು ಇರುತ್ತದೆ, ಆ ಕಾರಣವನ್ನು ಅಳೆಯಬಹುದು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳಿಗೆ ಇಷ್ಟಾದರೂ ನಂಬಿಕೆ ಇರಲೇಬೇಕು.

ಈ ಅಂಗಡಿಯ ಮೇಸ್ತ್ರಿಗೆ ಅರವತ್ತರ ಆಸುಪಾಸು. ಗಾಡಿ ನಿಲ್ಲಿಸಿದ ಕೂಡಲೇ ಜಾಕಿ ತರಲಿಲ್ಲ. "ಅಮ್ಮಾ, ಮೊದಲು ನೀವು ಓಡಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಆಮೇಲೆ ನಾನು ಓಡಿಸುತ್ತೇನೆ" ಎಂದರು. ದಾರಿಯಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವಂತಿತ್ತು. ಬ್ರೇಕ್ ಒತ್ತಿದಾಗ ಹೆಚ್ಚುತ್ತದೆಯೇ? ಹೆಚ್ಚಿದರೆ ಡ್ರಮ್ ಓರೆಯಾಗಿರುತ್ತದೆ. ಬೆಳಗ್ಗೆ ಹೊರಟಾಗ ಹೆಚ್ಚಿದ್ದು ಆಮೇಲೆ ಕಡಿಮೆಯಾಗುತ್ತದೆಯೇ? ಹಾಗಿದ್ದರೆ ನಿಂತಲ್ಲೇ ನಿಂತು ನೈಲಾನ್ ಟೈರು ಚಪ್ಪಟೆಯಾಗಿರುತ್ತದೆ, ಓಡಿ ಬಿಸಿಯಾದ ಮೇಲೆ ಮತ್ತೆ ಗುಂಡಗಾಗುತ್ತದೆ. ಸ್ಟೇರಿಂಗ್‌ನಲ್ಲಿ ಮಾತ್ರ ಇದೆಯೋ, ಸೀಟಿನಲ್ಲೂ ಇದೆಯೋ? ಸ್ಟೇರಿಂಗ್‌ನಲ್ಲಿದ್ದರೆ ಮುಂದಿನ ಚಕ್ರ, ಸೀಟಿನಲ್ಲಿದ್ದರೆ ಹೆಚ್ಚಾಗಿ ಹಿಂದಿನದು. ಆಮೇಲೆ ತಾವೇ ಸ್ಟೇರಿಂಗ್ ಹಿಡಿದು, 85ಕ್ಕೆ ಏರಿಸಿ, ಹಿಂದೆ ಯಾವ ವಾಹನವೂ ಇಲ್ಲದ್ದನ್ನು ಕನ್ನಡಿಯಲ್ಲಿ ನೋಡಿಕೊಂಡು ಗಾಡಿಯನ್ನು ನ್ಯೂಟ್ರಲ್‌ಗೆ ತಂದರು. ಎಂಜಿನ್ ಸದ್ದು ಇಳಿದು ಹೋಯಿತು. ಸ್ಟೇರಿಂಗ್ ನಡುಕವೂ ಕಾಲಡಿಯ ಗುಂಯ್‌ಕಾರವೂ ಇಳಿಯಲಿಲ್ಲ. "ಎಂಜಿನ್ ನಿರಪರಾಧಿ" ಎಂದರು. ಅಲ್ಲಿಗೆ ಎಂಜಿನ್ ಮೌಂಟಿಂಗ್, ಕ್ಲಚ್, ಟ್ಯೂನಿಂಗ್ ಎಂದು ಹಣ ಸುರಿಯುವ ದಾರಿಗಳೆಲ್ಲ ಮುಚ್ಚಿಹೋದವು.

ಅವರು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು: ನಡುಕವನ್ನು ಎಣಿಸಲು ಬರುವಂತಿದ್ದರೆ ಅದು ಚಕ್ರದ್ದು, ಎಣಿಸಲು ಬಾರದೆ ಗುಂಯ್ ಎನ್ನುತ್ತಿದ್ದರೆ ಶಾಫ್ಟಿನದು, ಅಂದರೆ ಎಂಜಿನ್ ಕಡೆಯಿಂದ ಹಿಂಚಕ್ರಗಳಿಗೆ ತಿರುಗುವಿಕೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನದು. ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ ಹತ್ತೂವರೆ ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ ನಾಲ್ಕು ಪಟ್ಟಿಗೂ ಹೆಚ್ಚು ತಿರುಗುವುದರಿಂದ ಅದರ ಕಂಪನ ಕೈಗೆ ನಡುಕವಾಗಿ ಸಿಗದೆ ಕಿವಿಗೆ ಸದ್ದಾಗಿ ಸಿಗುತ್ತದೆ. ಸ್ಪ್ರಿಂಗಿನ ಕೆಳಗೆ ತೂಗುವ ಚಕ್ರ, ಬ್ರೇಕ್ ಡ್ರಮ್, ಚಕ್ರವನ್ನು ಹೊರುವ ಹಬ್ ಇವುಗಳ ಸಹಜ ಆವೃತ್ತಿಯೂ ಸೆಕೆಂಡಿಗೆ ಹತ್ತು-ಹದಿನೈದರ ಆಸುಪಾಸಿನದು. ಚಕ್ರದ ಸುತ್ತು ಅದಕ್ಕೆ ಹೊಂದಿಬಂದಾಗ ಅನುರಣನೆ ಉಂಟಾಗಿ ನಡುಕ ಉಲ್ಬಣಿಸುತ್ತದೆ, ವೇಗ ಇನ್ನೂ ಹೆಚ್ಚಿದರೆ ತಗ್ಗುತ್ತದೆ. ತರಗತಿಯ ಕಪ್ಪು ಹಲಗೆಯ ಮೇಲೆ ವರ್ಷವರ್ಷವೂ ಬಿಡಿಸಿದ ಆ ಗುಡ್ಡದಂಥ ವಕ್ರರೇಖೆಯೇ ಕ್ಯಾತ್ಸಂದ್ರದ ರಸ್ತೆಯಲ್ಲಿ ನನ್ನ ಕೈಗೆ ತಾಗುತ್ತಿತ್ತು.

ಶೆಡ್ಡಿಗೆ ಹಿಂತಿರುಗಿದ ಮೇಲೆ, ಟೈರು ಬಿಸಿಯಿರುವಾಗಲೇ ಗಾಡಿಯನ್ನು ಲಿಫ್ಟ್‌ಗೆ ಏರಿಸಿದರು. ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್ ನೋಡಿದರು, ಎಡಬಲಕ್ಕೆ ಹಿಡಿದು ಅಲ್ಲಾಡಿಸಿ ಸ್ಟೇರಿಂಗ್ ಕೊಂಡಿಗಳಾದ ರ‍್ಯಾಕ್ ಎಂಡ್, ಟೈ ರಾಡ್ ಎಂಡ್ ನೋಡಿದರು. ಬೇರಿಂಗಿನಲ್ಲಿ ತುಸು ಸಡಿಲವಿತ್ತು, ಬಿಗಿ ಮಾಡಿದರು. ಉಳಿದದ್ದು ಸರಿಯಿತ್ತು. ಆಮೇಲೆ ಡಯಲ್ ಗೇಜಿನ ಸ್ಟ್ಯಾಂಡನ್ನು ನೆಲದ ಮೇಲೆ ಊರಿ, ಅದರ ಮೊನೆಯನ್ನು ಎಡ ಮುಂಚಕ್ರದ ರಿಮ್ಮಿನ ಅಂಚಿಗೆ ತಾಗಿಸಿ ಚಕ್ರವನ್ನು ಬೆರಳಿನಲ್ಲಿ ನಿಧಾನವಾಗಿ ತಿರುಗಿಸಿದರು. ಮುಳ್ಳು ಹೋಗಿ ಬಂದ ಅಂತರ 1.8 ಮಿಲಿಮೀಟರ್. ಚಕ್ರ ಬಿಚ್ಚಿ, ಬರಿಯ ಡ್ರಮ್ಮಿನ ಮುಖಕ್ಕೆ ಗೇಜು ಇಟ್ಟರೆ ಮುಳ್ಳು ಕದಲಿತೋ ಇಲ್ಲವೋ ಎನ್ನುವಷ್ಟು. ಅಂದರೆ ಹಬ್ ನೆಟ್ಟಗಿದೆ. ಡಿಸ್ಕ್, ಅಂದರೆ ಟೈರು ಕೂರುವ ಉಕ್ಕಿನ ಚಕ್ರವೇ ಬಾಗಿರಬೇಕು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವರು ಡಿಸ್ಕನ್ನು ಮಗುಚಿ ಹಾಕಿ, ಡ್ರಮ್ಮಿಗೆ ಅಂಟಿ ಕೂರುವ ಮುಖದ ಮೇಲೆ ಉಗುರು ಎಳೆದರು. ಉಗುರು ಒಂದು ಕಡೆ ತಡವರಿಸಿತು.

ಪೌಡರ್ ಕೋಟಿಂಗ್. ಗಾಡಿಗೆ ಬಣ್ಣ ಹಾಕಿಸಿದಾಗ ಡಿಸ್ಕುಗಳಿಗೂ ಪುಡಿಬಣ್ಣ ಸಿಂಪಡಿಸಿ ಕಾಯಿಸುವ ಈ ಕೋಟಿಂಗ್ ಆಗಿತ್ತು. ಆ ಕೆಲಸ ಮಾಡಿದವರು ಎರಡು ಜಾಗಗಳನ್ನು ಮುಚ್ಚದೆ ಹಾಗೆಯೇ ಬಣ್ಣ ಹೊಡೆದಿದ್ದರು: ಡ್ರಮ್ಮಿಗೆ ಕೂರುವ ಮುಖ, ನಟ್ಟಿನ ಮೊನಚು ಕೂರುವ ಕುಳಿಗಳು. ಬಣ್ಣ ಒಂದೆಡೆ ತೆಳು, ಒಂದೆಡೆ ಗಂಟುಗಟ್ಟಿ ಒಣಗಿತ್ತು. ಕುಳಿಗಳ ಒಳಗಂತೂ ನಟ್ಟು ಅರ್ಧ ಸುತ್ತಿನಲ್ಲಿ ಬಣ್ಣವನ್ನು ಕಚ್ಚಿ, ಇನ್ನರ್ಧ ಸುತ್ತಿನಲ್ಲಿ ಬರಿಯ ಉಕ್ಕನ್ನು ಮುಟ್ಟಿದ್ದು ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಚಕ್ರದ ನಡುತೂತು ಹಬ್ಬಿನ ಅಂಚಿಗೆ ಸರಿಯಾಗಿ ಕೂತು ಚಕ್ರವನ್ನು ನಡುವಿಗೆ ತರುತ್ತದೆ. ಅಂಬಾಸಿಡರಿನಂಥ ಗಾಡಿಯಲ್ಲಿ ಆ ಕೆಲಸ ಮಾಡುವುದು ಮೊನಚು ನಟ್ಟುಗಳು. ಅವು ಕೂರುವ ಕುಳಿಯೇ ಸಮವಿಲ್ಲದಿದ್ದರೆ ಚಕ್ರ ನಡುವಿನಿಂದ ಕೂದಲೆಳೆಯಷ್ಟು ಸರಿದು ಕೂರುತ್ತದೆ. ಕೂದಲೆಳೆ ಎಂದು ಉಪೇಕ್ಷಿಸುವಂತಿಲ್ಲ. ಟೈರ್ ಸಮೇತ ಚಕ್ರ 18 ಕಿಲೋ ಎಂದುಕೊಳ್ಳಿ. ಅದು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ರಿಮ್ಮಿನ ಅಂಚಿಗೆ 45 ಗ್ರಾಮಿಗೂ ಹೆಚ್ಚಿನ ತೂಕ ಅಂಟಿಸಿದಷ್ಟೇ ಅಸಮತೋಲ. ಅದರ ಅರ್ಧದಷ್ಟು, 25 ಗ್ರಾಂ ಇದ್ದರೂ 80ರ ವೇಗದಲ್ಲಿ ಸುಮಾರು ಎರಡು ಕಿಲೋ ಭಾರದಷ್ಟು ಬಲ ಚಕ್ರವನ್ನು ಸೆಕೆಂಡಿಗೆ ಹತ್ತು ಸಲ ಜಗ್ಗುತ್ತದೆ. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 40ರಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಓಡಿಸಿ ನೋಡಿ "ಸರಿಹೋಗಿದೆ" ಎನ್ನುವವರ ಮಾತಿಗೆ ಬೆಲೆಯಿಲ್ಲದಿರುವುದು ಇದಕ್ಕೇ.

ಹಾಗಾದರೆ ಅಷ್ಟು ಕಡೆ ಯಂತ್ರ ಸೊನ್ನೆ ತೋರಿಸಿದ್ದು ಸುಳ್ಳೇ? ಸುಳ್ಳಲ್ಲ. ಯಂತ್ರದಲ್ಲಿ ಚಕ್ರವನ್ನು ಕೂರಿಸುವುದು ನಡುತೂತಿಗೆ ಕೋನ್ ತುರುಕಿ. ಗಾಡಿಯಲ್ಲಿ ಕೂರುವುದು ನಟ್ಟು ಬಿಗಿಯುವ ಸ್ಟಡ್ಡುಗಳ ಮೇಲೆ. ಯಂತ್ರ ಒಂದು ನಡುವನ್ನು ನಂಬಿ ತೂಕ ಹೇಳುತ್ತದೆ, ಗಾಡಿ ಬೇರೊಂದು ನಡುವಿನ ಸುತ್ತ ತಿರುಗುತ್ತದೆ. ಇದನ್ನು ಮೇಸ್ತ್ರಿ ಬಾಯಲ್ಲಿ ಹೇಳಿ ಬಿಡಲಿಲ್ಲ, ಮಾಡಿ ತೋರಿಸಿದರು. ಚಕ್ರವನ್ನು ಯಂತ್ರಕ್ಕೆ ಹಾಕಿ ಓದಿಕೊಂಡರು. ಅದೇ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓದಿದರು. ಒಂದು ಗ್ರಾಂ ತೂಕವನ್ನೂ ಮುಟ್ಟದೆ ಪರದೆಯ ಅಂಕಿ ಬದಲಾಗಿತ್ತು. ಕೋನ್ ಚಕ್ರವನ್ನು ನಡುವಿಗೆ ಹಿಡಿಯುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಳೆಯ ಗಾಡಿಯವರು ಯಾವ ಅಂಗಡಿಗೆ ಹೋದರೂ ಈ ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಎರಡು ನಿಮಿಷದ ಕೆಲಸ. ಮಾಡುವುದಿಲ್ಲ ಎಂದರೆ ಅಲ್ಲಿಂದ ಹೊರಟುಬಿಡಿ.

ಇವರ ಬಳಿ ಸ್ಟಡ್ ರಂಧ್ರಗಳಿಗೆ ಹೊಂದಿಸಿಕೊಳ್ಳುವ ಬೆರಳುಗಳಿರುವ ಒಂದು ಪ್ಲೇಟ್ ಇದೆ. ಚಕ್ರವನ್ನು ಗಾಡಿಯ ಮೇಲೆ ಹೇಗೋ ಹಾಗೆಯೇ ಯಂತ್ರದ ಮೇಲೂ ಆ ಕುಳಿಗಳಿಂದಲೇ ಹಿಡಿಯುತ್ತದೆ. ಅದನ್ನು ಬಳಸುವ ಮೊದಲು ನಾಲ್ಕೂ ಡಿಸ್ಕುಗಳ ಮುಖದ ಬಣ್ಣವನ್ನು ಕೆರೆದು, ಕುಳಿಗಳನ್ನು ಒಂದೊಂದಾಗಿ ಶುದ್ಧ ಮಾಡಿದರು. ಗ್ರೈಂಡರ್ ಹಿಡಿದು ಹುಡುಗ ಬಂದಾಗ ಮೇಸ್ತ್ರಿ ಅವನನ್ನು ತಡೆದು, "ಬಣ್ಣ ಹೋಗಬೇಕು, ಉಕ್ಕು ಹೋಗಬಾರದು" ಎಂದು ಸ್ಕ್ರೇಪರ್ ಕೊಟ್ಟರು. ಹಳೆಯ ಸೀಸವನ್ನೆಲ್ಲ ಕಿತ್ತು ಒಂದು ಡಬ್ಬಿಗೆ ಹಾಕಿದರು. ಡ್ರಮ್ಮಿನ ಮುಖಕ್ಕೆ ತಂತಿ ಬ್ರಷ್ ಆಯಿತು. ನಟ್ಟುಗಳನ್ನು ಗಾಳಿ ಗನ್ನಿನಿಂದ ಬಿಗಿಯದೆ, ಚಕ್ರ ಗಾಳಿಯಲ್ಲಿರುವಾಗಲೇ ಕೈಯಿಂದ ಎದುರುಬದುರಾಗಿ ಬಿಗಿದು ಕೂರಿಸಿ, ನೆಲಕ್ಕಿಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಮುಗಿಸಿದರು. ಗೇಜು ಇಟ್ಟು ನೋಡಿದಾಗ ಅದೇ ಎಡ ಮುಂಚಕ್ರ 0.7 ಮಿಲಿಮೀಟರಿಗೆ ಬಂದಿತ್ತು. ಉಕ್ಕಿನ ಡಿಸ್ಕಿಗೆ ಒಂದು ಮಿಲಿಮೀಟರಿನೊಳಗೆ ಬಂದರೆ ಒಳ್ಳೆಯದೇ.

ಟೈರುಗಳ ಬಗ್ಗೆಯೂ ಅಷ್ಟೇ ನಿಷ್ಠುರ. ಬಲ ಮುಂಚಕ್ರದ ಟೈರಿನ ಪಕ್ಕದಲ್ಲಿ 1114 ಎಂಬ ಅಂಕಿ ತೋರಿಸಿದರು: 2014ರ ಹನ್ನೊಂದನೆಯ ವಾರ ತಯಾರಾದದ್ದು. ನೆಲಕ್ಕೆ ತಾಗುವ ಹೊರಮೈಯ ಅಚ್ಚು ಚೆನ್ನಾಗಿಯೇ ಇತ್ತು, ಪಕ್ಕದ ರಬ್ಬರ್ ಸಣ್ಣಗೆ ಬಿರಿದಿತ್ತು. ಅದನ್ನು ಸ್ಟೆಪ್ನಿಗೆ ಕೂಡ ಇಟ್ಟುಕೊಳ್ಳಬೇಡಿ ಎಂದರು. ಹೊಸ ಟೈರು ಮಾರುವುದು ಅವರ ವ್ಯಾಪಾರವಲ್ಲ, ಆದ್ದರಿಂದ ಆ ಮಾತನ್ನು ಅನುಮಾನಿಸಲು ಕಾರಣವಿರಲಿಲ್ಲ. ಸ್ಟೆಪ್ನಿಯಲ್ಲಿದ್ದ ಟೈರನ್ನು ಮುಂದಕ್ಕೆ ಹಾಕಿದರು. ಇನ್ನೊಂದರಲ್ಲಿ ಟ್ಯೂಬು ಮಡಚಿಕೊಂಡಿತ್ತು, ಬಿಚ್ಚಿ ಸರಿಮಾಡಿದರು. ಟೈರಿನ ಎತ್ತರದ ಜಾಗವನ್ನು ಡಿಸ್ಕಿನ ತಗ್ಗಿನ ಜಾಗಕ್ಕೆ ಬರುವಂತೆ ತಿರುಗಿಸಿ ಕೂರಿಸಿದ್ದನ್ನೂ ಕಣ್ಣಾರೆ ಕಂಡೆ. ಇಷ್ಟೆಲ್ಲ ಆದ ಮೇಲೆ ತೂಕ. ಮೊದಲು 70-80 ಗ್ರಾಂ ಹೊತ್ತಿದ್ದ ಎಡ ಮುಂಚಕ್ರಕ್ಕೆ ಈಗ ಒಳಗಡೆ 15, ಹೊರಗಡೆ 20 ಗ್ರಾಂ ಸಾಕಾಯಿತು. ಒಳಗೂ ಹೊರಗೂ ಬೇರೆಬೇರೆ ತೂಕ ಏಕೆಂದರೆ, ಚಕ್ರ ಮೇಲೆ ಕೆಳಗೆ ಕುಪ್ಪಳಿಸುವುದು ಒಂದು ದೋಷ, ಅಡ್ಡಡ್ಡ ತೊನೆಯುವುದು ಇನ್ನೊಂದು. ಸ್ಟೇರಿಂಗ್ ಅಲುಗಿಸುವುದರಲ್ಲಿ ಎರಡನೆಯದರ ಪಾತ್ರ ದೊಡ್ಡದು. ಗುಳ್ಳೆ ನೋಡಿ ತೂಕ ಇಡುವ ಹಳೆಯ ಸಾಧನಕ್ಕೆ ಅದು ಗೊತ್ತೇ ಆಗುವುದಿಲ್ಲ.

ಹಿಂಚಕ್ರಗಳನ್ನು ಎಂಜಿನ್‌ನಿಂದ ತಿರುಗಿಸಿ ನೋಡಿದಾಗ ಎರಡನ್ನೂ ನೆಲದಿಂದ ಎತ್ತಿದ್ದರು. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಒಂದೇ ಚಕ್ರವನ್ನು ಜಾಕಿಯಿಂದ ಎತ್ತಿ ಗೇರ್ ಹಾಕಿದರೆ, ಎರಡು ಹಿಂಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರಣದಿಂದ ಆ ಚಕ್ರ ಮೀಟರ್ ತೋರಿಸುವುದರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ. ಮೀಟರಿನಲ್ಲಿ 60 ಇದ್ದರೆ ಟೈರು 120ರಲ್ಲಿರುತ್ತದೆ, ಗಾಡಿ ಜಾಕಿಯಿಂದ ಜಾರುವ ಅಪಾಯ ಬೇರೆ. ಮನೆಯಲ್ಲಿ ಯಾರೂ ಇದನ್ನು ಮಾಡಬಾರದು.

ಸಂಜೆ ಮತ್ತೆ ಕ್ಯಾತ್ಸಂದ್ರದ ಕಡೆಗೆ ಓಡಿಸಿದೆ. 70, 80, 85. ಸ್ಟೇರಿಂಗ್ ಸ್ತಬ್ಧವಾಗಿತ್ತು. ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಬೋರ್ಡನ್ನು ಓದಲು ಬಂದಿತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ, ಪಕ್ಕದಲ್ಲಿ ಮೇಸ್ತ್ರಿ ಕೂತಿರದಿದ್ದರೆ ಕಣ್ಣೀರೇ ಬರುತ್ತಿತ್ತು.

ಗುಂಯ್‌ಕಾರ ಮಾತ್ರ ಉಳಿದಿತ್ತು. "ಅದು ಬ್ಯಾಲೆನ್ಸಿಂಗ್‌ನಿಂದ ಹೋಗುವುದಲ್ಲ ಅಮ್ಮಾ" ಎಂದು ಅವರು ಮೊದಲೇ ಹೇಳಿದ್ದರು. ಲಿಫ್ಟ್ ಮೇಲಿದ್ದಾಗ ಪ್ರೊಪೆಲ್ಲರ್ ಶಾಫ್ಟಿನ ಗ್ರೀಸ್ ಒರೆಸಿ ಎರಡು ಬಾಣದ ಗುರುತು ತೋರಿಸಿದರು. ಶಾಫ್ಟಿನ ಮೇಲೊಂದು, ಅದರ ತುದಿಗೆ ಸೇರುವ, ಹಿಂದೆಮುಂದೆ ಜಾರುವ ಯೋಕ್ ಎಂಬ ಕವಲಿನ ಮೇಲೊಂದು. ಎರಡೂ ಒಂದೇ ಗೆರೆಯಲ್ಲಿರಬೇಕು. ನಮ್ಮದರಲ್ಲಿ ಪಕ್ಕಕ್ಕೆ ಸರಿದಿದ್ದವು. ಹಿಂದೆ ಯಾರೋ ಯುಜೆ ಕ್ರಾಸ್ (ಶಾಫ್ಟ್ ಓರೆಯಾಗಿಯೂ ತಿರುಗಲು ಬಿಡುವ ಯೂನಿವರ್ಸಲ್ ಜಾಯಿಂಟಿನ ಕೂಡುಭಾಗ) ಬದಲಿಸುವಾಗ ಹಲ್ಲು ತಪ್ಪಿಸಿ ಜೋಡಿಸಿದ್ದಾರೆ. ಹಾಗೆ ಜೋಡಿಸಿದರೆ ಎರಡು ಕ್ರಾಸುಗಳ ಏರಿಳಿತ ಒಂದನ್ನೊಂದು ಅಳಿಸುವುದಿಲ್ಲ, ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ ಮಿಡಿತ ಏಳುತ್ತದೆ. ಆ ಕೆಲಸ ತಾವು ಮಾಡುವುದಿಲ್ಲ ಎಂದು ಹೇಳಿ ಗೇರ್‌ಬಾಕ್ಸ್ ಕೆಲಸದವರ ಬಳಿ ಕಳಿಸಿದರು, ತೋರಿಸಿದ್ದಕ್ಕೆ ಹಣ ಕೇಳಲಿಲ್ಲ. ಬಾಣಗಳನ್ನು ಸೇರಿಸಿದ ಮೇಲೆ ಸದ್ದು ಬಹುಪಾಲು ಹೋಗಿದೆ.

ಇನ್ನು ಕೊರತೆಗಳು. ಕೂರಲು ಸರಿಯಾದ ಜಾಗವಿಲ್ಲ, ಹೆಂಗಸರಿಗೆ ಶೌಚಾಲಯವೂ ಇಲ್ಲ. ಇಡೀ ದಿನ ಹಿಡಿಯುವ ಕೆಲಸಕ್ಕೆ ಇದು ಸಣ್ಣ ತೊಂದರೆಯಲ್ಲ, ಅವರು ಇದನ್ನು ಸರಿಪಡಿಸಬೇಕು. ನಡುವೆ ಲಾರಿ ಬಂದರೆ ನಿಮ್ಮ ಗಾಡಿ ಲಿಫ್ಟ್ ಮೇಲೆಯೇ ಕಾಯುತ್ತದೆ. ಕೆರೆದ ಡಿಸ್ಕಿನ ಮುಖವನ್ನು ಬರಿಯ ಉಕ್ಕಾಗಿಯೇ ಬಿಟ್ಟಿದ್ದರು. ಕೇಳಿದ ಮೇಲೆ ತೆಳುವಾಗಿ ಪ್ರೈಮರ್ ಹಚ್ಚಿದರು, ಕೇಳದಿದ್ದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತಿತ್ತು. ವೀಲ್ ಅಲೈನ್‌ಮೆಂಟ್ ಇಲ್ಲಿಲ್ಲ. ಬಿಲ್ಲು ಒಂದು ಚೀಟಿ, ಯಾವ ಚಕ್ರಕ್ಕೆ ಎಷ್ಟು ತೂಕ ಹಾಕಿದರು ಎಂಬುದನ್ನು ನಾನೇ ಬರೆದುಕೊಂಡೆ. ಅಳತೆಗಳನ್ನು ಇಷ್ಟು ಶ್ರದ್ಧೆಯಿಂದ ತೆಗೆಯುವವರು ಅವುಗಳನ್ನು ಚೀಟಿಯಲ್ಲಿ ಬರೆದುಕೊಡಬೇಕು.

ಬ್ಯಾಲೆನ್ಸಿಂಗ್‌ಗೆ ಚಕ್ರವೊಂದಕ್ಕೆ 200 ರೂಪಾಯಿ, ಪರೀಕ್ಷೆ ಮತ್ತು ಡಿಸ್ಕ್ ಕೆರೆಯುವ ಕೆಲಸಕ್ಕೆ ಸೇರಿ 1,500 ರೂಪಾಯಿ ಕೊಟ್ಟೆ. ಬರಿಯ ಬ್ಯಾಲೆನ್ಸಿಂಗ್ ದರ ನೋಡಿ ಹೋಲಿಸಿದರೆ ದುಬಾರಿ ಎನ್ನಿಸೀತು. ಆದರೆ ಅಷ್ಟು ಕಡೆ ಸುಮ್ಮನೆ ಸೀಸ ಬಡಿಸಿಕೊಂಡ ಲೆಕ್ಕ ಇಟ್ಟರೆ ಇದೇ ಅಗ್ಗ. ಹೋಗುವ ಹಿಂದಿನ ದಿನ ಫೋನ್ ಮಾಡಿ, ಹಳೆಯ ಗಾಡಿ ಎಂದು ಹೇಳಿ, ಬೆಳಗ್ಗೆ ಒಂಬತ್ತಕ್ಕೇ ತಲುಪಿ. ಸ್ಟೆಪ್ನಿಯನ್ನೂ ಒಯ್ಯಿರಿ, ಹಬ್ ಕ್ಯಾಪುಗಳನ್ನು ಮನೆಯಲ್ಲೇ ಬಿಚ್ಚಿಡಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತದೆ.